ಆಷಾಢದಲ್ಲಿ ಬರಿದಾದ ತುಡುವೆ ಪೆಟ್ಟಿಗೆ

ಶಿರಸಿ ತಾಲೂಕಿನ ಒಂದು ಅಡಿಕೆ ತೋಟದ ಅಂಚಿನಲ್ಲಿದ್ದ ಎಂಟು ಚೌಕಟ್ಟಿನ ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ನಾಡ ಜೇನು) ಪೆಟ್ಟಿಗೆ ಜುಲೈ 22ರ ಬೆಳಿಗ್ಗೆ ಖಾಲಿಯಾಗಿತ್ತು. ಬಾಗಿಲಲ್ಲಿ ಒಂದು ಜೇನುನೊಣವೂ ಇರಲಿಲ್ಲ. ಹಿಂದಿನ ದಿನ ಮಧ್ಯಾಹ್ನ ಪುಷ್ಯ ಮಳೆ ಎರಡು ತಾಸು ಹೊಳವಾಗಿ ಬಿಸಿಲು ಬಿದ್ದಿದ್ದಾಗ ಜೇನು ಗುಂಪಾಗಿ ಬೆಟ್ಟದ ಕಡೆ ಹಾರಿದ್ದನ್ನು ಪಕ್ಕದ ತೋಟದವರು ನೋಡಿದ್ದರು. ಪೆಟ್ಟಿಗೆ ಇಟ್ಟವರು ಈ ಹವ್ಯಾಸಕ್ಕೆ ಹೊಸಬರು. ಮನೆಯಲ್ಲೇ ಕುಳಿತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವ ಹುಡುಗಿ. ಜೇನು ಸಾಕುವುದು ಅವಳಿಗೆ ಅದು ಮೊದಲ ವರ್ಷ. ಅವಳಿಗೆ ದಾರಿ ಹೇಳಿದವರು ಮೂವರು, ಮೂವರೂ ದಶಕಗಳಿಂದ ಪೆಟ್ಟಿಗೆ ಇಟ್ಟವರು. ಅವರು ಹೇಳಿದ ಮೂರು ಮಾತುಗಳೂ ಸರಿಯಾಗಿದ್ದವು, ಅವಳು ಮೂರನ್ನೂ ಪಾಲಿಸಿದ್ದಳು. ಆದರೂ ಜೇನು ಕುಟುಂಬ ಪೆಟ್ಟಿಗೆ ಬಿಟ್ಟು ಎದ್ದುಹೋಯಿತು. ಈ ಪ್ರಕರಣವನ್ನು ಇಷ್ಟು ವಿವರವಾಗಿ ಬರೆಯುವುದಕ್ಕೆ ಕಾರಣ ಅದೇ.

ಹೇಳಿದ ಮಾತು, ಕೇಳಿಸಿಕೊಂಡ ಮಾತು

ಕುಟುಂಬ ಕೊಟ್ಟವರು ಅದೇ ಊರಿನ ಹಿರಿಯರು. ಫೆಬ್ರವರಿಯಲ್ಲಿ ಐದು ಎರಿ (ಚೌಕಟ್ಟಿನಲ್ಲಿ ಕಟ್ಟಿದ ಮೇಣದ ಗೂಡು) ತುಂಬ ನೊಣ ಇದ್ದ ಕುಟುಂಬ ಅದು. ಅವರ ಮಾತು: "ತಂಗೀ, ಮಳೆ ಹಿಡಿಯದ್ರೊಳಗೆ ತುಪ್ಪ ತೆಕ್ಕಂಡು ಮೇಲಿನ ಕೋಣೆ ಇಳ್ಸಿಡು." ಎರಡನೆಯವರು ಸಿದ್ದಾಪುರದ ಕಡೆಯವರು: "ಮಳ್ಗಾಲ್ದಲ್ಲಿ ಪೆಟ್ಗೆ ತೆಗ್ದು ತೆಗ್ದು ನೋಡಡ, ಎದ್ದು ಹೋಗ್ತು." ಮೂರನೆಯವರು ಕುಮಟೆಯಲ್ಲಿ ತೆಂಗಿನ ತೋಟದ ನಡುವೆ ಪೆಟ್ಟಿಗೆ ಇಟ್ಟವರು: "ಆಗಾಗ ಸ್ವಲ್ಪ ಸಕ್ಕರೆ ನೀರು ಇಟ್ರೆ ಸಾಕು."

ಮೊದಲ ಮಾತಿನಂತೆ ಅವಳು ಏಪ್ರಿಲ್ ಕೊನೆಯಲ್ಲಿ ಎರಡೂವರೆ ಕಿಲೋ, ಮೇ 30ರಂದು ಇನ್ನೂ ಒಂದೂವರೆ ಕಿಲೋ ಜೇನುತುಪ್ಪ ತೆಗೆದಳು. ಎರಡನೇ ಸಲ, ತುಪ್ಪ ತುಂಬುವ ಮೇಲಿನ ಜೇನು ಕೋಣೆಯ ಒಂದು ಎರಿಯನ್ನೂ ಬಿಡಲಿಲ್ಲ. ರಾಣಿ ಮೊಟ್ಟೆ ಇಟ್ಟು ಮರಿ ಬೆಳೆಯುವ ಕೆಳಗಿನ ಸಂಸಾರ ಕೋಣೆಯ ಅಂಚಿನ ಎರಡು ಎರಿಗಳನ್ನೂ ತುಪ್ಪ ತೆಗೆಯುವ ತಿರುಗಣೆ ಯಂತ್ರಕ್ಕೆ ಹಾಕಿದಳು. ಎರಡನೆಯ ಮಾತಿನಂತೆ, ಜೂನ್ 20ರಂದು ಒಮ್ಮೆ ನೋಡಿ ಮುಚ್ಚಿದ ಪೆಟ್ಟಿಗೆಯನ್ನು ಮುಂದಿನ 31 ದಿನ ತೆರೆಯಲಿಲ್ಲ. ಮೂರನೆಯದರಂತೆ ಜೂನ್ 1ರಿಂದ ಜುಲೈ 20ರ ತನಕ ನಾಲ್ಕು ಸಲ ಸಕ್ಕರೆ ನೀರು ಇಟ್ಟಳು. ಪ್ರತಿ ಸಲ 150 ಗ್ರಾಂ ಸಕ್ಕರೆಗೆ 450 ಮಿಲಿ ನೀರು, ಪೆಟ್ಟಿಗೆಯ ಬಾಗಿಲ ಮುಂದೆ ತಟ್ಟೆಯಲ್ಲಿ.

ಹೇಳಿದವರ ಮನಸ್ಸಿನಲ್ಲಿ ಇದ್ದದ್ದು ಬೇರೆ. ತುಪ್ಪ ತೆಗೆದುಕೋ ಎಂದವರು ಸಂಸಾರ ಕೋಣೆಯ ತುಪ್ಪವನ್ನು ಜೀವಮಾನದಲ್ಲೇ ಮುಟ್ಟಿದವರಲ್ಲ, ಹಾಗಾಗಿ ಅದನ್ನು ಮುಟ್ಟಬೇಡ ಎಂದು ಹೇಳಬೇಕೆಂದು ಅವರಿಗೆ ಹೊಳೆಯಲೇ ಇಲ್ಲ. ಪೆಟ್ಟಿಗೆ ತೆರೆಯಬೇಡ ಎಂದವರು ಪ್ರತಿ ಮುಂಜಾನೆ ಬಾಗಿಲ ಹತ್ತಿರ ಕುಳಿತು ನೋಡುತ್ತಾರೆ, ಹಿಂದಿನಿಂದ ಒಂದು ಕೈಯಲ್ಲಿ ಪೆಟ್ಟಿಗೆ ಎತ್ತಿ ಭಾರ ಅಂದಾಜು ಮಾಡುತ್ತಾರೆ. ಅವರಿಗೆ ಅದು ನೋಡುವುದರ ಲೆಕ್ಕಕ್ಕೇ ಬರುವುದಿಲ್ಲ. ಕುಮಟೆಯವರ "ಸ್ವಲ್ಪ" ತೆಂಗಿನ ತೋಟದ ಸ್ವಲ್ಪ. ತೆಂಗು ವರ್ಷವಿಡೀ ಹೊಂಬಾಳೆ ಬಿಡುವ ಮರ, ಮಳೆ ಒಂದು ತಾಸು ನಿಂತರೂ ನೊಣಕ್ಕೆ ಅಲ್ಲಿ ಪರಾಗ ಸಿಗುತ್ತದೆ. ಘಟ್ಟದ ಮೇಲಿನ ಅಡಿಕೆ ತೋಟದಲ್ಲಿ ಆರಿದ್ರಾ, ಪುನರ್ವಸು ಮಳೆಗೆ ಹಾಗೆ ಸಿಗುವುದಿಲ್ಲ. ಅದೇ ಜಿಲ್ಲೆ, ಅದೇ ನೊಣ, ಆದರೆ ಅಳತೆ ಬೇರೆ.

ಖಾಲಿ ಪೆಟ್ಟಿಗೆಯನ್ನು ಓದುವುದು

ಅವಳಿಗೆ ಮೊದಲು ಬಂದ ಅನುಮಾನ ಬೋರ್ಡೊ ದ್ರಾವಣದ ಮೇಲೆ. ಜೂನ್ ಮಧ್ಯದಲ್ಲಿ ತೋಟಕ್ಕೆ ಕೊಳೆ ರೋಗದ ಔಷಧಿ ಹೊಡೆದಿದ್ದರು: ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಊರಿನ ಹಿರಿಯರ ಹತ್ತಿರ ಹೋಗಿ ಹೇಳಿದ್ದೂ ಅದನ್ನೇ, "ಮಾವ, ನೀವು ಹೇಳಿದ್ದೆಲ್ಲ ಮಾಡಿದ್ನಲ, ಔಷಧಿಗೇ ಹೋಗಿಕ್ಕು." ಅವರು ತೀರ್ಪು ಕೊಡಲಿಲ್ಲ. ಪೆಟ್ಟಿಗೆ ತೊಳೆಯಬೇಡ, ಎರಿ ಬಿಸಾಡಬೇಡ, ಇದ್ದ ಹಾಗೇ ಇರಲಿ ಎಂದು ಹೇಳಿ ಮಧ್ಯಾಹ್ನ ಬಂದರು. ಹೊಸಬರಿಗೆ ಕಲಿಸುವುದರಲ್ಲಿ ಇದಕ್ಕಿಂತ ಒಳ್ಳೆಯ ಹೆಜ್ಜೆ ಇಲ್ಲ. ಖಾಲಿ ಪೆಟ್ಟಿಗೆಯಲ್ಲಿ ಕಾರಣ ಬರೆದಿರುತ್ತದೆ, ಗುಡಿಸಿದರೆ ಅಳಿಸಿಹೋಗುತ್ತದೆ.

ವಿಷದಿಂದ ಸತ್ತಿದ್ದರೆ ಬಾಗಿಲ ಮುಂದೆ, ಅಡಿಮಣೆಯ (ಪೆಟ್ಟಿಗೆಯ ತಳದ ಹಲಗೆ) ಮೇಲೆ ಸತ್ತ ನೊಣಗಳ ರಾಶಿ ಇರಬೇಕು, ಎಷ್ಟೋ ನೊಣಗಳ ನಾಲಿಗೆ ಹೊರಗೆ ಚಾಚಿರುತ್ತದೆ. ಇಲ್ಲಿ ಸತ್ತವು ಹತ್ತು ಹನ್ನೆರಡು ಮಾತ್ರ. ಕುಟುಂಬ ಎರಡು ಪಾಲಾಗಿ ಒಂದು ಪಾಲು ಹೋಗಿದ್ದರೆ ಅರ್ಧದಷ್ಟು ನೊಣ ಉಳಿದಿರಬೇಕು, ಎರಿಯ ಕೆಳ ಅಂಚಿನಲ್ಲಿ ಹೊಸ ರಾಣಿ ಬೆಳೆಯುವ ಕಣಗಳು ನೇತಾಡುತ್ತಿರಬೇಕು. ಒಂದೂ ಇರಲಿಲ್ಲ. ಇರುವೆಯೋ ಕಣಜವೋ ಮುತ್ತಿ ಓಡಿಸಿದ್ದರೆ ನೊಣಗಳು ಮೊಟ್ಟೆ, ಹುಳು, ಮುಚ್ಚಿದ ಮರಿಗಳನ್ನೆಲ್ಲ ಬಿಟ್ಟು ಓಡಿರುತ್ತವೆ, ಎರಿಯಲ್ಲಿ ಮರಿ ಕೊಳೆತ ವಾಸನೆ ಇರುತ್ತದೆ. ಮರಿಹುಳುಗಳಿಗೆ ವೈರಸ್‌ನಿಂದ ಬರುವ ಥಾಯ್ ಸ್ಯಾಕ್‌ಬ್ರೂಡ್ ರೋಗವಾದರೆ ಕಣದೊಳಗೆ ಹುಳು ತಲೆ ಮೇಲಕ್ಕೆತ್ತಿ ಉದ್ದಕ್ಕೆ ಸತ್ತಿರುತ್ತದೆ, ಸೂಜಿಯಿಂದ ಎತ್ತಿದರೆ ನೀರು ತುಂಬಿದ ಚೀಲದಂತೆ ಬರುತ್ತದೆ. 1991-92ರಲ್ಲಿ ಈ ರೋಗ ದಕ್ಷಿಣ ಭಾರತದ ತುಡುವೆ ಪೆಟ್ಟಿಗೆಗಳನ್ನು ಊರಿಗೆ ಊರೇ ಬರಿದು ಮಾಡಿತು. ಆ ಕಾಲ ಕಂಡವರು ಇವತ್ತಿಗೂ ಒಂದು ಪೆಟ್ಟಿಗೆಯ ಎರಿಯನ್ನು ಇನ್ನೊಂದಕ್ಕೆ ಹಾಕುವ ಮುಂಚೆ ಹತ್ತು ಸಲ ನೋಡುತ್ತಾರೆ. ಇಲ್ಲಿ ಅದರ ಗುರುತೂ ಇರಲಿಲ್ಲ.

ಇದ್ದದ್ದು ಇಷ್ಟು. ಎಂಟು ಚೌಕಟ್ಟಿನಲ್ಲಿ ನಡುವಿನ ಮೂರು ಎರಿಗಳ ಮರಿಗಳೆಲ್ಲ ಹೊರಬಂದು ಕಣಗಳು ಖಾಲಿ, ಕಣದ ಬಾಯಿಯ ಸುತ್ತ ಮುಚ್ಚಳ ಕಡಿದ ಹೊಸ ಅಂಚು. ಮೊಟ್ಟೆ ಇಲ್ಲ, ಹುಳು ಇಲ್ಲ, ಒಂದು ಹನಿ ತುಪ್ಪ ಇಲ್ಲ. ಬೂಸ್ಟು ಹಿಡಿದ ಪರಾಗ ಏಳೆಂಟು ಕಣದಲ್ಲಿ. ಅಂಚಿನ ನಾಲ್ಕು ಎರಿಗಳಲ್ಲಿ ಮೇಣದ ಹುಳುವಿನ (ಎರಿ ತಿನ್ನುವ ಪತಂಗದ ಮರಿ) ಬಲೆ, ಅಡಿಮಣೆಯ ಮೇಲೆ ಬೆರಳಿನ ದಪ್ಪದಷ್ಟು ಮೇಣದ ಪುಡಿ, ಅದರೊಳಗೆ ಬಿಳಿ ಹುಳುಗಳು. ಒಳಮುಚ್ಚಳದ ಕೆಳಗೆ ನೀರಿನ ಹನಿ.

ಮೊಟ್ಟೆ ಇಟ್ಟಲ್ಲಿಂದ ಕೆಲಸಗಾರ ನೊಣ ಕಣದಿಂದ ಹೊರಬರುವುದಕ್ಕೆ ಸುಮಾರು 19 ದಿನ: ಮೊಟ್ಟೆ 3, ಹುಳು 5, ಮುಚ್ಚಿದ ಕಣದಲ್ಲಿ 11. ಹಸಿವಿನಿಂದ ಹೊರಡುವ ಕುಟುಂಬ ಮರಿಗಳನ್ನು ಬಿಟ್ಟು ಹೋಗುವುದಿಲ್ಲ. ರಾಣಿ ಮೊಟ್ಟೆ ನಿಲ್ಲಿಸುತ್ತಾಳೆ, ಕೊನೆಯ ಮರಿ ಹೊರಬರುವ ತನಕ ಕಾಯುತ್ತವೆ, ಉಳಿದ ತುಪ್ಪವನ್ನು ಹೊಟ್ಟೆಗೆ ತುಂಬಿಕೊಂಡು ಒಂದು ಹೊಳವಿಗೆ ಏಳುತ್ತವೆ. ಜುಲೈ 21ರಿಂದ 19 ದಿನ ಹಿಂದಕ್ಕೆ ಎಣಿಸಿದರೆ ಜುಲೈ 2, ಆರಿದ್ರಾ ಮಳೆಯ ಕೊನೆ. ಅಂದರೆ ತೀರ್ಮಾನ ಜುಲೈ 21ರಂದು ಆದದ್ದಲ್ಲ. ಪೆಟ್ಟಿಗೆ ಮೂರು ವಾರ ಮುಂಚೆಯೇ ಸೂಚನೆ ಕೊಟ್ಟಿತ್ತು, ನೋಡುವವರಿರಲಿಲ್ಲ. ಜುಲೈ ಮೊದಲ ವಾರದಲ್ಲಿ ಹತ್ತು ನಿಮಿಷ ತೆರೆದು ನಡುವಿನ ಒಂದು ಎರಿ ನೋಡಿದ್ದರೆ ಮೊಟ್ಟೆ ಇಲ್ಲದ್ದು ಕಾಣುತ್ತಿತ್ತು, ಉಳಿಸಿಕೊಳ್ಳಲು ಎರಡು ವಾರಕ್ಕೂ ಹೆಚ್ಚು ಸಮಯವಿತ್ತು.

ಸಕ್ಕರೆ ಪಾಕದ ಲೆಕ್ಕ

ಘಟ್ಟದ ಮೇಲೆ ಮಳೆಗಾಲದಲ್ಲಿ ಒಂದು ಕುಟುಂಬಕ್ಕೆ ವಾರಕ್ಕೆ 200 ಗ್ರಾಂ ಸಕ್ಕರೆ ಎಂದು ಹಿಡಿಯುವುದು ವಾಡಿಕೆ. ಏಳು ವಾರಕ್ಕೆ 1,400 ಗ್ರಾಂ. ಅವಳು ಕೊಟ್ಟದ್ದು ಒಟ್ಟು 600 ಗ್ರಾಂ. ಅದೂ ಪೂರ್ತಿ ಪೆಟ್ಟಿಗೆಯೊಳಗೆ ಹೋಗಲಿಲ್ಲ: ಹೊರಗಿಟ್ಟ ತಟ್ಟೆಗೆ ಮಳೆ ನೀರು ಬಿತ್ತು, ಇರುವೆ ಬಂತು, ಬೇರೆ ಕುಟುಂಬದ ನೊಣಗಳೂ ಬಂದವು. ಸಿಹಿಯ ಜಾಡು ಹಿಡಿದು ಬಂದ ಬಲವಾದ ಕುಟುಂಬ ದುರ್ಬಲ ಪೆಟ್ಟಿಗೆಯೊಳಗೇ ನುಗ್ಗಿ ಲೂಟಿ ಮಾಡುವುದೂ ಉಂಟು.

ಪ್ರಮಾಣಕ್ಕಿಂತ ದೊಡ್ಡ ತಪ್ಪು ನೀರಿನದು. ಒಂದು ಪಾಲು ಸಕ್ಕರೆಗೆ ಮೂರು ಪಾಲು ನೀರು ಹಾಕಿದರೆ ಆ ನೀರನ್ನು ಆರಿಸುವ ಕೆಲಸ ನೊಣದ ಮೇಲೆ ಬೀಳುತ್ತದೆ. ರೆಕ್ಕೆ ಬೀಸಿ ಆರಿಸಬೇಕು, ಆದರೆ ಶ್ರಾವಣದ ತನಕ ಹೊರಗಿನ ಗಾಳಿಯೇ ಒದ್ದೆ. ಆರದ ಪಾಕ ಎರಡು ದಿನಕ್ಕೆ ಹುಳಿ ಬರುತ್ತದೆ, ಹುಳಿ ಪಾಕ ಕುಡಿದ ನೊಣಕ್ಕೆ ಭೇದಿ. ಬಾಗಿಲ ಹಲಗೆಯ ಮೇಲೆ ಹಳದಿ ಕಂದು ಚುಕ್ಕೆಗಳು ಬಿದ್ದರೆ ಇದು ಕಾರಣವಾಗಿರಬಹುದು. ಪುಸ್ತಕಗಳಲ್ಲಿ ಸಿಗುವ ಸಮ ಪಾಲಿನ ಪಾಕ ಒಣ ಹವೆಯಲ್ಲಿ, ರಾಣಿಯ ಮೊಟ್ಟೆ ಹೆಚ್ಚಿಸಲು ಸರಿ. ಜೂನ್-ಜುಲೈನ ಶಿರಸಿಗೆ ಎರಡು ಪಾಲು ಸಕ್ಕರೆ, ಒಂದು ಪಾಲು ನೀರು.

ಮಾಡುವ ಕ್ರಮ: 100 ಮಿಲಿ ನೀರು ಕುದಿಸಿ ಒಲೆಯಿಂದ ಇಳಿಸಿ, ಆಮೇಲೆ 200 ಗ್ರಾಂ ಸಕ್ಕರೆ ಹಾಕಿ ಕರಗುವ ತನಕ ಕಲಕಬೇಕು. ಸಕ್ಕರೆ ಹಾಕಿ ಮತ್ತೆ ಒಲೆಯ ಮೇಲಿಟ್ಟರೆ ತಳ ಹಿಡಿಯುತ್ತದೆ. ಸೀದ ಸಕ್ಕರೆ ನೊಣಕ್ಕೆ ಆಗುವುದಿಲ್ಲ. ಬೆಲ್ಲ ಬೇಡ, ಬೇಗ ಹುಳಿಯುತ್ತದೆ, ಭೇದಿಯೂ ಖಂಡಿತ. ಅಂಗಡಿಯ ಜೇನುತುಪ್ಪವಂತೂ ಬೇಡವೇ ಬೇಡ, ಯಾವ ಪೆಟ್ಟಿಗೆಯ ರೋಗ ಅದರಲ್ಲಿ ಬಂತೋ ತಿಳಿಯುವುದಿಲ್ಲ. ಪೂರ್ತಿ ತಣಿದ ಮೇಲೆ ಅಗಲ ಬಾಯಿಯ ಸಣ್ಣ ಬಾಟಲಿಗೆ ತುಂಬಿ, ಮುಚ್ಚಳಕ್ಕೆ ಸಣ್ಣ ಮೊಳೆಯಿಂದ ಐದಾರು ತೂತು ಮಾಡಿ, ಎರಿಗಳ ಮೇಲೆ ಎರಡು ಕಡ್ಡಿ ಇಟ್ಟು ಬೋರಲು ಹಾಕಬೇಕು. ಮೊದಲು ಪೆಟ್ಟಿಗೆಯ ಹೊರಗೆ ಬೋರಲು ಹಿಡಿದು ನೋಡುವುದು ಅಗತ್ಯ: ನಾಲ್ಕೈದು ಹನಿ ಬಿದ್ದು ನಿಲ್ಲಬೇಕು. ನಿಲ್ಲದೆ ಸುರಿದರೆ ತೂತು ದೊಡ್ಡದಾಗಿದೆ, ಮುಚ್ಚಳ ಬದಲಿಸಿ. ಬಾಟಲಿಗೆ ಜಾಗ ಆಗಲು ಖಾಲಿ ಜೇನು ಕೋಣೆಯನ್ನು ಚೌಕಟ್ಟಿಲ್ಲದೆ ಮೇಲಿಟ್ಟು, ಬಾಟಲಿಯ ಸುತ್ತ ಒಣ ಗೋಣಿಚೀಲ ತುರುಕಿದರೆ ಬಿಸಿ ಹೋಗುವುದಿಲ್ಲ. ಬಾಟಲಿ ಇಲ್ಲದಿದ್ದರೆ ತೆಂಗಿನ ಕರಟ ಸಾಕು, ಆದರೆ ಪಾಕದ ಮೇಲೆ ಒಣಹುಲ್ಲಿನ ತುಂಡು ತೇಲಬೇಕು, ಇಲ್ಲವಾದರೆ ನೊಣ ಮುಳುಗಿ ಸಾಯುತ್ತವೆ. ಕೊಡುವುದು ಸಂಜೆ, ಹಾರಾಟ ನಿಂತ ಮೇಲೆ. ಎರಡು ಮೂರು ಪೆಟ್ಟಿಗೆ ಇದ್ದರೆ ಎಲ್ಲಕ್ಕೂ ಒಂದೇ ಸಂಜೆ. ಒಂದು ಹನಿ ಹೊರಗೆ ಚೆಲ್ಲಿದರೂ ಒರೆಸಿ ನೀರು ಹಾಕಿ ತೊಳೆಯಬೇಕು.

ಪಾಕ ಹೊಟ್ಟೆಗೆ ಆಗುತ್ತದೆ, ಮರಿಗೆ ಆಗುವುದಿಲ್ಲ. ಮರಿ ಬೆಳೆಯಲು ಪರಾಗ ಬೇಕು. ಹುರಿಗಡಲೆ ಹಿಟ್ಟಿಗೆ ಸಕ್ಕರೆ ಪುಡಿ, ತನ್ನದೇ ಪೆಟ್ಟಿಗೆಯ ತುಪ್ಪ ಸೇರಿಸಿ ಉಂಡೆ ಮಾಡಿ ಇಡುವವರಿದ್ದಾರೆ. ತುಡುವೆ ಅದನ್ನು ಸುಲಭಕ್ಕೆ ಮುಟ್ಟುವುದಿಲ್ಲ, ಎಷ್ಟೋ ಸಲ ಕಸದಂತೆ ಹೊತ್ತು ಹೊರಗೆ ಹಾಕುತ್ತದೆ. ಅದಕ್ಕಿಂತ ಪೆಟ್ಟಿಗೆಯನ್ನು ನಾಲ್ಕಾರು ತೆಂಗಿನಮರ, ಆಂಟಿಗೋನಾನ್ ಬಳ್ಳಿ ಇರುವ ಅಂಗಳದ ಹತ್ತಿರ ಇಡುವುದು ಮೇಲು.

ಎರಿ, ಹುಳು, ಒದ್ದೆ

ಮೇಣದ ಹುಳು ಕುಟುಂಬವನ್ನು ಓಡಿಸಿತು ಎಂದು ಹೊಸಬರು ಹೇಳುವುದು ಸಾಮಾನ್ಯ. ಈ ಪ್ರಕರಣದಲ್ಲಿ ಅದು ಕಾರಣವಲ್ಲ, ಬಾಗಿಲು ತೆರೆದದ್ದನ್ನು ನೋಡಿ ಒಳಗೆ ಬಂದದ್ದು ಮಾತ್ರ. ನೊಣ ಕುಳಿತಿರುವ ಎರಿಯಲ್ಲಿ ಮೇಣದ ಹುಳು ನಿಲ್ಲುವುದಿಲ್ಲ. ಜೂನ್ 20ರಂದು ನೊಣ ಮುಚ್ಚಿಕೊಂಡಿದ್ದದ್ದು ನಾಲ್ಕು ಎರಿ, ಪೆಟ್ಟಿಗೆಯಲ್ಲಿದ್ದದ್ದು ಎಂಟು. ಉಳಿದ ನಾಲ್ಕನ್ನು ಅಂದೇ ತೆಗೆಯಬೇಕಿತ್ತು. ಮರಿ ಇರುವ ಜಾಗವನ್ನು ನೊಣಗಳು 33ರಿಂದ 35 ಡಿಗ್ರಿಯಲ್ಲಿ ಬೆಚ್ಚಗೆ ಇಡಬೇಕು. ಪಕ್ಕದಲ್ಲಿ ನಾಲ್ಕು ಖಾಲಿ ಎರಿ ಇದ್ದರೆ ಆ ಬಿಸಿಯೂ ಹೋಗುತ್ತದೆ, ಕಾವಲೂ ಸಾಲುವುದಿಲ್ಲ. ನೊಣ ಕುಳಿತಷ್ಟೇ ಎರಿ ಬಿಟ್ಟು, ಕೊನೆಯ ಎರಿಯ ಪಕ್ಕ ಪೆಟ್ಟಿಗೆಯ ಅಳತೆಗೆ ಕತ್ತರಿಸಿದ ಅಡ್ಡಹಲಗೆ ನಿಲ್ಲಿಸಬೇಕು. ತೆಗೆದ ಎರಿಗಳಲ್ಲಿ ಕಪ್ಪಾದವನ್ನು ಕರಗಿಸಿ ಮೇಣ ಮಾಡಿ. ಬೆಳ್ಳಗಿರುವ ಜೇನು ಕೋಣೆಯ ಎರಿಗಳನ್ನು ಗಾಳಿಯಾಡದ ಪೆಟ್ಟಿಗೆಯಲ್ಲಿ ಗಂಧಕದ ಹೊಗೆ ಹಾಕಿ ಇಡಬಹುದು, ಆದರೆ ಹೊಗೆ ಮೊಟ್ಟೆಗಳನ್ನು ಕೊಲ್ಲುವುದಿಲ್ಲವಾದ್ದರಿಂದ ಎರಡು ವಾರ ಬಿಟ್ಟು ಇನ್ನೊಮ್ಮೆ ಹಾಕಬೇಕು.

ಅಡಿಮಣೆಯ ಪುಡಿಯನ್ನು ವಾರಕ್ಕೊಮ್ಮೆ ಕೆರೆದು ಸುಡಬೇಕು. ಮೇಣದ ಹುಳುವಿನ ಸಂಸಾರ ಶುರುವಾಗುವುದು ಅಲ್ಲಿ. ಇದಕ್ಕೆ ಎರಿ ಎತ್ತಬೇಕಾಗಿಲ್ಲ: ಸಂಸಾರ ಕೋಣೆಯನ್ನು ಹಾಗೇ ಎತ್ತಿ ಪಕ್ಕದ ಹಲಗೆಯ ಮೇಲಿಟ್ಟು, ಕೆರೆದು, ಒಣ ಬಟ್ಟೆಯಲ್ಲಿ ಒರೆಸಿ ಮತ್ತೆ ಇಟ್ಟರೆ ಮೂರು ನಿಮಿಷದ ಕೆಲಸ. ಪೆಟ್ಟಿಗೆ ತೆರೆಯಬೇಡ ಎಂಬ ಮಾತು ಇದಕ್ಕೆ ಅನ್ವಯಿಸುವುದಿಲ್ಲ.

ಸಂದು ಮುಚ್ಚುವ ವಿಷಯವನ್ನು ಹೊಸಬರಿಗೆ ಯಾರೂ ಹೇಳುವುದಿಲ್ಲ. ಯುರೋಪಿನ ಮೆಲ್ಲಿಫೆರಾ ಜೇನು ಮರದ ಅಂಟು ತಂದು ಪೆಟ್ಟಿಗೆಯ ಸಂದುಗಳನ್ನು ತಾನೇ ಮುಚ್ಚುತ್ತದೆ. ತುಡುವೆ ಅಂಟು ತರುವುದಿಲ್ಲ. ಮೊಬೈಲಿನ ವಿಡಿಯೋ ನೋಡಿ ಕಲಿತವರು ಸೋಲುವ ಜಾಗಗಳಲ್ಲಿ ಇದೂ ಒಂದು. ಮೃಗಶಿರ ಮಳೆ ಹಿಡಿಯುವ ಮುಂಚೆ ಮೂಲೆಗಳಿಗೆ ಮೇಣ ಮೆತ್ತಬೇಕು, ಹೊರಗಿನಿಂದ ಸೆಗಣಿ ಸಾರಿಸಿದರೂ ನಡೆಯುತ್ತದೆ. ಬಾಗಿಲು ನೈಋತ್ಯಕ್ಕಿದ್ದರೆ ಮಳೆಯ ಇರಚಲು ನೇರ ಒಳಗೆ, ಪೂರ್ವಕ್ಕೆ ತಿರುಗಿಸಿ. ಆದರೆ ಒಂದೇ ಸಲ ತಿರುಗಿಸಿದರೆ ಹೊರಗೆ ಹೋದ ನೊಣ ದಾರಿ ತಪ್ಪುತ್ತವೆ, ದಿನಕ್ಕೆ ಸ್ವಲ್ಪ ಸ್ವಲ್ಪವೇ ತಿರುಗಿಸಬೇಕು. ಮುಂದಕ್ಕೆ ಒಂದು ಬೆರಳಿನಷ್ಟು ಇಳಿಜಾರು, ಮೇಲೆ ತಗಡು, ತಗಡಿನ ಸದ್ದು ತಡೆಯಲು ಅಡಿಯಲ್ಲಿ ಅಡಿಕೆ ಹಾಳೆ. ಇರುವೆ ತಡೆಯಲು ಪೆಟ್ಟಿಗೆಯ ಕಾಲುಗಳಿಗೆ ಇಟ್ಟ ನೀರಿನ ಬಟ್ಟಲುಗಳು ಸರಿಯಿದ್ದರೂ ಬೆಳೆದ ಹುಲ್ಲಿನ ಒಂದು ಎಸಳು ಪೆಟ್ಟಿಗೆಗೆ ತಾಗಿದರೆ ಇರುವೆಗೆ ಅದೇ ಸಂಕ (ಕಾಲುಸೇತುವೆ).

ಮೇ 30ರ ತುಪ್ಪ

ಎಲ್ಲಕ್ಕೂ ಮೂಲ ಆ ಕೊನೆಯ ಕೊಯ್ಲು. ಒಂದೂವರೆ ಕಿಲೋ ತುಪ್ಪ ಕುಟುಂಬದ ಮಳೆಗಾಲದ ದಾಸ್ತಾನು. ಅದು ಒಳಗೇ ಇದ್ದಿದ್ದರೆ ಪಾಕದ ತಪ್ಪುಗಳು ಇಷ್ಟು ದುಬಾರಿಯಾಗುತ್ತಿರಲಿಲ್ಲ. ತೆಗೆದವಳಿಗೂ ಅದು ದಕ್ಕಲಿಲ್ಲ: ಅಡ್ಡಮಳೆ ಬಿದ್ದ ಮೇಲೆ ತೆಗೆದ, ಕಣಗಳಿಗೆ ಮೇಣದ ಮುಚ್ಚಳ ಬೀಳದ ತುಪ್ಪದಲ್ಲಿ ನೀರಿನ ಅಂಶ ಹೆಚ್ಚು, ತಿಂಗಳೊಳಗೆ ಬಾಟಲಿಯಲ್ಲಿ ನೊರೆ ಬಂದು ಹುಳಿಯಿತು. ಎರಿಯ ಮುಕ್ಕಾಲು ಭಾಗ ಮುಚ್ಚಳ ಬಿದ್ದ ಮೇಲೆ ಮಾತ್ರ ತೆಗೆಯಬೇಕು. ಕೊನೆಯ ಕೊಯ್ಲು ಮೇ ಮಧ್ಯದೊಳಗೆ ಮುಗಿಯಬೇಕು, ಆಮೇಲೆ ಬಂದದ್ದು ಅವುಗಳ ಪಾಲು. ಸಂಸಾರ ಕೋಣೆಯ ಎರಿಗಳನ್ನು ಯಾವ ತಿಂಗಳಲ್ಲೂ ಯಂತ್ರಕ್ಕೆ ಹಾಕಕೂಡದು. ಹುಳುಗಳು ಕಿತ್ತು ಹೊರಬೀಳುತ್ತವೆ, ರಾಣಿಯೇ ಸಿಕ್ಕಿ ಸಾಯಬಹುದು.

ಎರಡನೆಯ ಮಳೆಗಾಲ

ಖಾಲಿ ಪೆಟ್ಟಿಗೆಯ ಎರಿಗಳನ್ನೆಲ್ಲ ಕರಗಿಸಿದರು. ಪೆಟ್ಟಿಗೆಯನ್ನು ಕೆರೆದು, ಒಳಮೈಗೆ ತೆಂಗಿನ ಗರಿಯ ಬೆಂಕಿ ತೋರಿಸಿ, ನಾಲ್ಕು ದಿನ ಬಿಸಿಲಿಗಿಟ್ಟರು. ನವೆಂಬರಿನಲ್ಲಿ ಊರಿನ ಹಿರಿಯರು ತಮ್ಮ ಬಲವಾದ ಕುಟುಂಬವೊಂದನ್ನು ಪಾಲು ಮಾಡಿ ಕೊಟ್ಟರು. ಈ ಸಲ ಮೂವರೂ ಒಟ್ಟಿಗೆ ಕುಳಿತು ಹೇಳಿದ್ದನ್ನು ಅವಳು ಬರೆದುಕೊಂಡಳು, ಪ್ರತಿ ಮಾತಿಗೂ "ಎಷ್ಟು, ಯಾವಾಗಿಂದ, ಏನು ಕಂಡರೆ" ಎಂದು ಕೇಳಿ. ಕುಮಟೆಯವರು "ಸ್ವಲ್ಪ" ಎಂದದ್ದು ಅಳೆದಾಗ 100 ಗ್ರಾಂ ಬಂತು. ಕೈಯಲ್ಲಿ ಎತ್ತಿ ನೋಡುವ ಅಂದಾಜು ಹೊಸಬರಿಗೆ ಬರುವುದಿಲ್ಲವಾದ್ದರಿಂದ ಪ್ರಯಾಣದ ಚೀಲ ತೂಗುವ ಕೊಕ್ಕೆ ತಕ್ಕಡಿ ತಂದರು: ಪೆಟ್ಟಿಗೆಯ ಹಿಂಬದಿಯನ್ನು ಮಾತ್ರ ಕೊಕ್ಕೆಯಿಂದ ಒಂದಿಷ್ಟು ಎತ್ತಿ ತೂಕ ನೋಡಿ ಎರಡರಿಂದ ಗುಣಿಸಿದರೆ ಸುಮಾರು ತೂಕ ಸಿಗುತ್ತದೆ. ನಿಖರ ತೂಕ ಮುಖ್ಯವಲ್ಲ, ವಾರದಿಂದ ವಾರಕ್ಕೆ ಎಷ್ಟು ಇಳಿಯಿತು ಎನ್ನುವುದು ಮುಖ್ಯ. ಒದ್ದೆಯಾದ ಹೊರಮುಚ್ಚಳ ತೆಗೆದೇ ತೂಗಬೇಕು, ಇಲ್ಲವಾದರೆ ಮಳೆ ನೀರಿನ ಭಾರವನ್ನು ತುಪ್ಪವೆಂದು ಬರೆದುಕೊಳ್ಳುತ್ತೀರಿ.

ಜೂನ್ 5ರಂದು ಐದು ಎರಿ, ಅಡ್ಡಹಲಗೆ, ಅಂಚಿನ ಎರಿಗಳಲ್ಲಿ ಮುಚ್ಚಿದ ತುಪ್ಪ. ವಾರಕ್ಕೆ ಎರಡು ಸಲ 100 ಗ್ರಾಂ ಸಕ್ಕರೆಯ ಗಟ್ಟಿ ಪಾಕ. ಎಂಟು ಹತ್ತು ದಿನಕ್ಕೊಮ್ಮೆ ಹೊಳವಿನ ಮಧ್ಯಾಹ್ನ ನಡುವಿನ ಒಂದೇ ಎರಿ ಎತ್ತಿ, ಬೆಳಕಿಗೆ ಬೆನ್ನು ಮಾಡಿ ಹಿಡಿದು, ಕಣದ ತಳದಲ್ಲಿ ಅಕ್ಕಿ ನುಚ್ಚಿನಂತೆ ಮೊಟ್ಟೆ ಇದೆಯೇ ಎಂದು ನೋಡುವುದು. ಜುಲೈ 9ರಂದು ಮೊಟ್ಟೆ ಅಂಗೈ ಅಗಲದಿಂದ ಎರಡು ಬೆರಳಿನಷ್ಟಕ್ಕೆ ಇಳಿದಿತ್ತು. ಅಂದೇ ಒಂದು ಎರಿ ಕಡಿಮೆ ಮಾಡಿ ಪಾಕವನ್ನು ವಾರಕ್ಕೆ 300 ಗ್ರಾಮಿಗೆ ಏರಿಸಿದರು. ಈ ಹೆಚ್ಚಳದ ಬಗ್ಗೆ ಹಿರಿಯರಲ್ಲಿ ಒಮ್ಮತ ಇರಲಿಲ್ಲ. ಸಿದ್ದಾಪುರದವರ ಪ್ರಕಾರ ಪಾಕ ಹೆಚ್ಚಾದರೆ ಮೊಟ್ಟೆ ಇಡುವ ಕಣಗಳಲ್ಲೇ ಅದನ್ನು ತುಂಬಿ ರಾಣಿಗೆ ಜಾಗ ಇಲ್ಲದಂತೆ ಮಾಡುತ್ತವೆ, ಮತ್ತು ಅದು ನಿಜ. ನಡುವಿನ ಎರಿಯಲ್ಲಿ ಹೊಳೆಯುವ ಪಾಕ ಕಂಡರೆ ಆ ವಾರ ನಿಲ್ಲಿಸುವುದು ಎಂದು ಒಪ್ಪಂದವಾಯಿತು. ಅಂಥದ್ದು ಒಮ್ಮೆ, ಜುಲೈ ಕೊನೆಯಲ್ಲಿ ಆಯಿತು, ಒಂದು ವಾರ ಬಿಟ್ಟರು.

ಆಗಸ್ಟ್ 14ಕ್ಕೆ ಮೂರೂವರೆ ಎರಿ ನೊಣ, ಮೊಟ್ಟೆ ಮತ್ತೆ ಅಂಗೈ ಅಗಲ. ಮಘಾ ಮಳೆ ಹೊಳವಾಗುತ್ತಿದ್ದಂತೆ ಬೆಟ್ಟದಲ್ಲಿ ಗೌರಿ ಹೂವು, ಗದ್ದೆಯಂಚಿನಲ್ಲಿ ನಾಚಿಕೆ ಮುಳ್ಳು ಅರಳಿದವು. ಪಾಕ ನಿಲ್ಲಿಸುವುದಕ್ಕೆ ತಾರೀಕು ಹಾಕಲಿಲ್ಲ. ಬೆಳಿಗ್ಗೆ ಎಂಟರಿಂದ ಹತ್ತರೊಳಗೆ ಬಾಗಿಲಲ್ಲಿ ಐದು ನಿಮಿಷ ಕುಳಿತು, ಹಿಂಗಾಲಲ್ಲಿ ಪರಾಗದ ಉಂಡೆ ಹೊತ್ತು ಬರುವ ನೊಣ ಎಣಿಸುವುದು. ಮೂರು ದಿನ ಸತತ ಹತ್ತಕ್ಕಿಂತ ಹೆಚ್ಚು ಬಂದರೆ ನಿಲ್ಲಿಸುವುದು. ಸೆಪ್ಟೆಂಬರ್ 3ಕ್ಕೆ ಆ ಲೆಕ್ಕ ತುಂಬಿತು. ಅಡ್ಡಹಲಗೆಯನ್ನು ಎರಿ ಬೆಳೆದಂತೆ ಒಂದೊಂದೇ ಚೌಕಟ್ಟು ಸರಿಸುತ್ತಾ ಬಂದರು, ಎಂಟೂ ಚೌಕಟ್ಟು ತುಂಬಿದ ಮೇಲೆ ಡಿಸೆಂಬರಿನಲ್ಲಿ ಜೇನು ಕೋಣೆ ಮತ್ತೆ ಮೇಲೇರಿತು.